31 ಪರ್ಸೆಂಟ್ ಇದ್ದಾಗಲೇ ಫೋನ್ ಬಂದ್: ಬ್ಯಾಟರಿ ಕ್ಯಾಲಿಬ್ರೇಶನ್ ಹೆಂಗ ಮಾಡೂದು?

ಬೆಟಗೇರಿ_27

ಎಲ್ಲಾರಿಗೂ ನಮಸ್ಕಾರ್ರಿ. ಆಂಡ್ರಾಯ್ಡ್ ಫೋನ್, ಮೂರು ವರ್ಷದ್ದು, ಬ್ಯಾಟರಿ 5000 ಎಂಎಎಚ್ (ಎಷ್ಟು ಚಾರ್ಜ್ ಹಿಡಸತೈತಿ ಅನ್ನೂ ಅಳತಿ). ಹದಿನೈದು ದಿನದ ಹಿಂದ ಗದಗಿನಾಗ ಹೊಸಾ ಬ್ಯಾಟರಿ ಹಾಕಿಸೇನಿ. ಕಂಪನಿದಲ್ಲ, ಕಂಪಾಟಿಬಲ್. ಮ್ಯಾಲ 5000 ಅಂತನ ಬರದೈತಿ.

ಈಗ ಆಗೂದು ಹಿಂಗ: 100ರಿಂದ ಸಾವಕಾಶ ಇಳಕೋತ ಬರತೈತಿ, 32 ಇಲ್ಲಾ 31ಕ್ಕ ಬಂದ ಕೂಡ್ಲೇ ಬಂದ್ ಆಗತೈತಿ. ಚಾರ್ಜಿಗೆ ಹಚ್ಚಿದ್ರ 70ರ ತನಕ ಸರಿಯಾಗಿ ಏರತೈತಿ, ಅಲ್ಲಿಂದ ಐದು ನಿಮಿಷದಾಗ 100ಕ್ಕ ಹಾರತೈತಿ. ಅಂಗಡಿಯವ್ರು "ಮೂರು ಸಲ ಪೂರಾ ಖಾಲಿ ಮಾಡಿ ರಾತ್ರಿಯೆಲ್ಲಾ ಚಾರ್ಜ್ ಮಾಡ್ರಿ, ಕೂಡತೈತಿ" ಅಂತಾರ. ಪ್ಲೇ ಸ್ಟೋರ್‌ನಾಗ ಕ್ಯಾಲಿಬ್ರೇಶನ್, ಅಂದ್ರ ಪರ್ಸೆಂಟ್ ಲೆಕ್ಕ ಸರಿ ಮಾಡೂ ಆ್ಯಪ್ ಹತ್ತಾರು ಅದಾವ. ಯಾವುದು ಖರೆ? ರೂಟ್ ಮಾಡಬೇಕಾ, ಅಂದ್ರ ಫೋನಿನ ಸಿಸ್ಟಮ್ ಮ್ಯಾಲ ಪೂರಾ ಹಿಡಿತ ತಗೋಬೇಕಾ?

---

ಓಮ್_ವೋಲ್ಟ್_ಹುಬ್ಬಳ್ಳಿ

ಆ್ಯಪ್ ಬ್ಯಾಡ್ರಿ, ರೂಟೂ ಬ್ಯಾಡ. ಆ ಆ್ಯಪ್‌ಗೋಳು ಮಾಡೂದು ಒಂದ ಕೆಲಸ: ಬ್ಯಾಟರಿಸ್ಟ್ಯಾಟ್ಸ್ ಅನ್ನೂ ಫೈಲ್ ಅಳಸ್ತಾವ. ಯಾವ ಆ್ಯಪ್ ಎಷ್ಟು ಚಾರ್ಜ್ ತಿಂದೈತಿ ಅನ್ನೂ ಲೆಕ್ಕದ ಚೀಟಿ ಅದು, ಅಷ್ಟ. ಪರ್ಸೆಂಟ್ ಲೆಕ್ಕಕ್ಕ ಅದಕ್ಕ ಸಂಬಂಧ ಇಲ್ಲ ಅಂತ ಗೂಗಲ್‌ನ ಆಂಡ್ರಾಯ್ಡ್ ಎಂಜಿನಿಯರ್ ಡಯಾನ್ ಹ್ಯಾಕ್‌ಬಾರ್ನ್ 2012ರಾಗ ಬಿಡಿಸಿ ಹೇಳ್ಯಾರ. ಇಷ್ಟು ವರ್ಷ ಆದ್ರೂ ಆ ಆ್ಯಪ್‌ಗೋಳು ನಿಂತಿಲ್ಲ.

ಪರ್ಸೆಂಟ್ ಎಣಸೂದು ಬೋರ್ಡಿನ ಮ್ಯಾಲಿನ ಫ್ಯೂಯೆಲ್ ಗೇಜ್ ಅನ್ನೂ ಚಿಪ್. ಬ್ಯಾಟರಿ ದಾರಿಯೊಳಗ ಕೆಲವ ಮಿಲಿ ಓಮಿನ ಒಂದು ಸಣ್ಣ ರೆಸಿಸ್ಟರ್ ಇರತೈತಿ. ಅದರಾಗ ಹಾಯೂ ಕರೆಂಟ್ ಅಳದು, ಒಳಗ ಎಷ್ಟು ಬಂತು, ಹೊರಗ ಎಷ್ಟು ಹೋತು ಅಂತ ಗೇಜ್ ಕೂಡಿಸಿ ಕಳೀತೈತಿ. ಒಟ್ಟು ಎಷ್ಟು ಹಿಡಸತೈತಿ ಅನ್ನೂ ಒಂದು ಅಂಕಿ ಅದರ ನೆನಪಿನಾಗ ಇರತೈತಿ. ಆ ಅಂಕಿ ತಪ್ಪಿದ್ರ ಉಳದದ್ದೆಲ್ಲಾ ತಪ್ಪು.

ವೋಲ್ಟೇಜ್ ನೋಡಿ ಹೇಳಬಾರದೇನು ಅಂತ ಕೇಳಬಹುದು. ಲಿಥಿಯಂ ಸೆಲ್ ಅಷ್ಟು ಸರಳ ಇಲ್ಲ. ಕರೆಂಟ್ ಎಳೀದ ಸುಮ್ನ ಕುಂತಾಗ 40 ಪರ್ಸೆಂಟಿಗೆ ಸುಮಾರು 3.80 ವೋಲ್ಟ್, 30ಕ್ಕ 3.77. ಹತ್ತು ಪರ್ಸೆಂಟಿಗೆ ಫರಕ್ 30 ಮಿಲಿವೋಲ್ಟ್! ಸ್ಕ್ರೀನ್ ಹಚ್ಚಿದ್ರನ ಅದಕ್ಕಿಂತ ಹೆಚ್ಚು ಕುಸೀತೈತಿ. ಅದಕ್ಕ ಗೇಜ್ ನಡುವಿನ ದಾರಿಯೊಳಗ ಎಣಿಕೆ ನಂಬತೈತಿ, ತುದಿಗೋಳೊಳಗ, ಅಂದ್ರ ಪೂರಾ ತುಂಬಿದಾಗ ಮತ್ತ ಪೂರಾ ಖಾಲಿ ಆದಾಗ, ವೋಲ್ಟೇಜ್ ನಂಬತೈತಿ.

ಈಗ ನೀವು ಮೂರು ವಿಷಯ ನೋಡಿ ಹೇಳ್ರಿ:

ಒಂದು, ಬಂದ್ ಆದ ತಕ್ಷಣ ಚಾರ್ಜಿಗೆ ಹಚ್ಚಿದ್ರ ಎಷ್ಟು ತೋರಸತೈತಿ? 29–30 ತೋರಸಿದ್ರ ರೋಗ ಬ್ಯಾರೆ, 0–1 ತೋರಸಿದ್ರ ಬ್ಯಾರೆ.

ಎರಡು, 38–40 ಇದ್ದಾಗ ಸ್ಕ್ರೀನ್ ಆರಿಸಿ, ಏರೋಪ್ಲೇನ್ ಮೋಡ್ ಹಾಕಿ ಅರ್ಧ ತಾಸು ಬಿಡ್ರಿ. ಆಮ್ಯಾಲ ಸ್ಕ್ರೀನ್ ಹಚ್ಚಿದ ಮೊದಲನೇ ಕ್ಷಣದ ವೋಲ್ಟೇಜ್ ಬರಕೋರಿ. ಡಯಲರ್‌ನಾಗ *#*#4636#*#* ಒತ್ತಿದ್ರ ಕೆಲವು ಫೋನಿನಾಗ ಬ್ಯಾಟರಿ ಮಾಹಿತಿ ಬರತೈತಿ. ಬರದಿದ್ರ ಡೆವ್‌ಚೆಕ್ ಇಲ್ಲಾ ಆಕ್ಯುಬ್ಯಾಟರಿ ಹಾಕೋರಿ. ಇವು ಅಳತಿ ಮಾಡೂ ಆ್ಯಪ್, ಏನನ್ನೂ "ಸರಿ" ಮಾಡೂದಿಲ್ಲ. ಆಮ್ಯಾಲ ಟಾರ್ಚ್ ಹಚ್ಚಿ, ಬ್ರೈಟ್‌ನೆಸ್ ಪೂರಾ ಏರಿಸಿ, ಒಂದು ನಿಮಿಷ ವಿಡಿಯೋ ತಗದು ಮತ್ತ ನೋಡ್ರಿ. ಎಷ್ಟು ಕುಸೀತು?

ಮೂರು, 100 ಇದ್ದಾಗ ಕಂಪ್ಯೂಟರಿಗೆ ಜೋಡಿಸಿ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡೂ ಟೂಲ್) ಶೆಲ್‌ನಾಗ "ಡಂಪ್‌ಸಿಸ್ ಬ್ಯಾಟರಿ" (dumpsys battery) ಕೊಡ್ರಿ. ಚಾರ್ಜ್ ಕೌಂಟರ್ ಅಂತ ಒಂದು ಸಾಲು ಇರತೈತಿ, ಅಂಕಿ ಮೈಕ್ರೋ ಆಂಪಿಯರ್ ಅವರ್‌ನಾಗ. ಸಾವಿರದಿಂದ ಭಾಗಿಸಿದ್ರ, ಬ್ಯಾಟರಿ ಎಷ್ಟು ಎಂಎಎಚ್ ಹಿಡಸತೈತಿ ಅಂತ ಗೇಜ್ ನಂಬಿದ್ದು ಸಿಗತೈತಿ.

---

ಬ್ಯಾಡಗಿ_ಕೆಂಪು

ನಡುವ ಬಾಯಿ ಹಾಕಿದ್ದಕ್ಕ ಕ್ಷಮಿಸ್ರಿ, ನಮ್ಮ ಮನಿಯಾಗಿನ ಒಂದು ಫೋನೂ ಹಿಂಗ. ನಾಲ್ಕು ವರ್ಷದ್ದು, ಒರಿಜಿನಲ್ ಬ್ಯಾಟರಿನ ಐತಿ. ಕ್ಯಾಮೆರಾ ತಗದ್ರ 28ಕ್ಕ ಬಂದ್, ಚಾರ್ಜಿಗೆ ಹಚ್ಚಿದ್ರ 27 ತೋರಸತೈತಿ. ಕ್ಯಾಲಿಬ್ರೇಶನ್ ಮಾಡಬೇಕೇನು?

---

ಓಮ್_ವೋಲ್ಟ್_ಹುಬ್ಬಳ್ಳಿ

@ಬ್ಯಾಡಗಿ_ಕೆಂಪು ಬ್ಯಾಡ್ರಿ, ಉಪಯೋಗ ಇಲ್ಲ. ನಿಮ್ಮ ಗೇಜ್ ಖರೇನ ಹೇಳಾಕತ್ತೈತಿ, 27 ಪರ್ಸೆಂಟ್ ಒಳಗ ಐತಿ. ಆದ್ರ ಹಳೇ ಸೆಲ್ಲಿನ ಒಳ ರೆಸಿಸ್ಟನ್ಸ್ (ಕರೆಂಟಿಗೆ ಒಳಗಿನ ಅಡ್ಡಿ) ಏರಿ, ಒಮ್ಮೆಲೇ ಕರೆಂಟ್ ಕೊಡೂ ಶಕ್ತಿ ಹೋಗೇತಿ. ಲೆಕ್ಕ ಹಾಕ್ರಿ: 0.3 ಓಮ್ ಆಗಿದ್ರ, ಕ್ಯಾಮೆರಾ 2 ಆಂಪಿಯರ್ ಎಳೆದಾಗ 0.6 ವೋಲ್ಟ್ ಕುಸೀತೈತಿ. 3.75 ಇದ್ದದ್ದು 3.15ಕ್ಕ ಬರತೈತಿ. ಸುಮಾರು 3.3ರ ಕೆಳಗ ಫೋನ್ ತಾನ ಬಂದ್ ಆಗತೈತಿ. ಬ್ಯಾಟರಿ ಬದಲಿಸೂದೊಂದ ದಾರಿ. ಹಂಗ ಹಿಂದಿನ ಮುಚ್ಚಳ ಎದ್ದೈತಾ, ಸ್ಕ್ರೀನಿನ ಅಂಚು ಬಿಟ್ಟೈತಾ ಅಂತ ನೋಡ್ರಿ. ಉಬ್ಬಿದ್ರ ಚಾರ್ಜ್ ಮಾಡಬ್ಯಾಡ್ರಿ, ಒತ್ತಿ ಕೂಡಿಸಾಕ ಹೋಗಲೇಬ್ಯಾಡ್ರಿ.

---

ಬೆಟಗೇರಿ_27

ನೋಡಿ ಬರದೇನಿ. ಬಂದ್ ಆದ ಮ್ಯಾಲ ಹಚ್ಚಿದ್ರ 1 ತೋರಸತೈತಿ. 38ರಾಗ ಅರ್ಧ ತಾಸು ಬಿಟ್ಟಾಗ 3.68 ವೋಲ್ಟ್. ವಿಡಿಯೋ ತಗದಾಗ 3.56. 100ರಾಗ ಚಾರ್ಜ್ ಕೌಂಟರ್ 4851000.

---

ಮಾಳಮಡ್ಡಿ_ಮೀಟರ್

ಈ ನಾಲ್ಕು ಅಂಕಿಗಳೇ ಸಾಕು, ಉತ್ತರ ಅವುಗಳಲ್ಲೇ ಇದೆ.

ವಿಡಿಯೋ ತೆಗೆದು ಲೋಡ್ ಹಾಕಿದಾಗ ಕುಸಿದದ್ದು 0.12 ವೋಲ್ಟ್ ಮಾತ್ರ. ಒಳ ರೆಸಿಸ್ಟನ್ಸ್ ಸರಿಯಾಗಿದೆ, ಸೆಲ್ ಹೊಸದೇ. ಆದರೆ ಸುಮ್ಮನಿದ್ದಾಗ 3.68 ವೋಲ್ಟ್ ಎಂದರೆ ಉಳಿದಿರುವುದು ಹತ್ತು ಪರ್ಸೆಂಟಿನ ಆಸುಪಾಸು, ಫೋನ್ ಹೇಳುತ್ತಿರುವುದು 38. ಅಂದರೆ ಗೇಜ್ ತಪ್ಪಿದೆ.

ಎಷ್ಟು ತಪ್ಪಿದೆ? ಗೇಜ್ ನಂಬಿರುವುದು 4851. ಅದರಲ್ಲಿ 62 ಪರ್ಸೆಂಟ್, ಅಂದರೆ ಸುಮಾರು 3008 ಎಂಎಎಚ್ ಹೊರಗೆ ಹೋಗಿದೆ. ಈ ಎಣಿಕೆಯನ್ನು ನಂಬಬಹುದು, ಏಕೆಂದರೆ ಅಳೆಯುವ ರೆಸಿಸ್ಟರ್ ಫೋನಿನದ್ದೇ, ಬದಲಾಗಿಲ್ಲ. 3008 ಹೋದ ಮೇಲೆ ಉಳಿದದ್ದು ಹತ್ತೇ ಪರ್ಸೆಂಟ್ ಆದರೆ ಸೆಲ್ಲಿನ ಒಟ್ಟು ಸಾಮರ್ಥ್ಯ 3340ರ ಸುತ್ತ. ಚಾರ್ಜಿಂಗ್‌ನಲ್ಲಿ 70ರಿಂದ 100ಕ್ಕೆ ಹಾರುವುದೂ ಇದಕ್ಕೆ ತಾಳೆಯಾಗುತ್ತದೆ: 3340 ತುಂಬುವ ಹೊತ್ತಿಗೆ ಗೇಜ್ 70ರ ಹತ್ತಿರ ಇರುತ್ತದೆ, ಆಗ ಸೆಲ್ "ತುಂಬಿತು" ಎನ್ನುತ್ತದೆ, ಗೇಜ್ ಓಡಿ 100ಕ್ಕೆ ಸೇರುತ್ತದೆ. 31ಕ್ಕೆ ಬಂದ್ ಆಗುವುದಕ್ಕೂ ಇದೇ ಕಾರಣ.

ನೇರವಾಗಿ ಹೇಳುತ್ತೇನೆ: ನಿಮ್ಮ ಹೊಸ ಬ್ಯಾಟರಿ 5000 ಅಲ್ಲ. ಕ್ಯಾಲಿಬ್ರೇಶನ್ ಮಾಡಿದರೆ ಪರ್ಸೆಂಟ್ ಸರಿಹೋಗುತ್ತದೆ, ಫೋನ್ ನಡೆಯುವ ಹೊತ್ತು ಹೆಚ್ಚಾಗುವುದಿಲ್ಲ. ತಕ್ಕಡಿ ರಿಪೇರಿ ಮಾಡಿದರೆ ಚೀಲದ ಕಾಳು ಹೆಚ್ಚಾಗುತ್ತದೆಯೇ? ಆದರೂ ಒಮ್ಮೆ ಮಾಡಿ. ಅಂಗಡಿಗೆ ಹೋಗುವಾಗ ಗೇಜಿನ ಹೊಸ ಅಂಕಿ ಕೈಯಲ್ಲಿರಲಿ.

ಮೊದಲು ಸೆಟ್ಟಿಂಗ್ಸ್‌ನಲ್ಲಿ 80 ಅಥವಾ 85ಕ್ಕೆ ಚಾರ್ಜ್ ನಿಲ್ಲಿಸುವ ರಕ್ಷಣೆ, ಅಡಾಪ್ಟಿವ್ ಚಾರ್ಜಿಂಗ್, ಫಾಸ್ಟ್ ಚಾರ್ಜಿಂಗ್ ಮೂರನ್ನೂ ಆಫ್ ಮಾಡಿ. ಮೊದಲನೆಯದು ಆನ್ ಇದ್ದರೆ ಗೇಜ್ ಮೇಲಿನ ತುದಿಯನ್ನೇ ನೋಡುವುದಿಲ್ಲ, ಎರಡನೆಯದು ಪೂರ್ತಿ ತುಂಬುವುದನ್ನು ತಡ ಮಾಡುತ್ತದೆ. ಸದಾ 80ಕ್ಕೇ ನಿಲ್ಲಿಸುವವರ ಫೋನಿನಲ್ಲಿ ಲೆಕ್ಕ ನಿಧಾನವಾಗಿ ಜಾರುವುದು ಇದರಿಂದಲೇ.

ಆಮೇಲೆ ಹಗುರ ಬಳಕೆಯಲ್ಲಿ ಇಳಿಸಿ. ಬ್ರೈಟ್‌ನೆಸ್ ಕಡಿಮೆ, ಏರೋಪ್ಲೇನ್ ಮೋಡ್, ಫೋನಿನಲ್ಲೇ ಇರುವ ಹಾಡೋ ವಿಡಿಯೋವೋ ಓಡುತ್ತಿರಲಿ. ಗೇಮ್ ಆಡಿ ಬೇಗ ಖಾಲಿ ಮಾಡಲು ಹೋಗಬೇಡಿ. ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು, ಸೆಲ್ಲಿನಲ್ಲಿ ಇನ್ನೂ ಚಾರ್ಜ್ ಇರುವಾಗಲೇ ಫೋನ್ ಬಂದ್ ಆಗುತ್ತದೆ; ಗೇಜ್ ಅದನ್ನೇ ತಳ ಎಂದು ಬರೆದುಕೊಳ್ಳುತ್ತದೆ.

ತಾನಾಗಿ ಬಂದ್ ಆದ ಮೇಲೆ ಮೂರು–ನಾಲ್ಕು ತಾಸು ಹಾಗೇ ಬಿಡಿ. ಮತ್ತೆ ಮತ್ತೆ ಆನ್ ಮಾಡಿ ಕೊನೆಯ ಹನಿ ಹಿಂಡಬೇಡಿ. ಈ ವಿರಾಮ ವೋಲ್ಟೇಜ್ ನೆಲೆಗೊಳ್ಳಲು. ಹಾಗಂತ ವಾರಗಟ್ಟಲೆ ಖಾಲಿ ಇಡಲೂಬಾರದು: ಸೆಲ್ಲಿನ ವೋಲ್ಟೇಜ್ ತೀರಾ ಕೆಳಗಿಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಅದು ಮತ್ತೆ ಸರಿಹೋಗುವುದಿಲ್ಲ.

ನಂತರ ಫೋನ್ ಆಫ್ ಇರುವಂತೆಯೇ 5 ವೋಲ್ಟ್ 2 ಆಂಪಿಯರಿನ ಸಾದಾ ಚಾರ್ಜರ್ ಹಚ್ಚಿ. 100 ಕಂಡ ಕೂಡಲೇ ಕೀಳಬೇಡಿ, ಇನ್ನೂ ಒಂದೂವರೆ–ಎರಡು ತಾಸು ಇರಲಿ. ಕೊನೆಗೆ ಕರೆಂಟ್ ಇಳಿಯುತ್ತಾ ಬಂದು, ಸಾಮರ್ಥ್ಯದ ಸುಮಾರು ಇಪ್ಪತ್ತನೇ ಒಂದು ಭಾಗಕ್ಕೆ ಬಂದಾಗ ಚಾರ್ಜರ್ ಚಿಪ್ "ಮುಗಿಯಿತು" ಎಂದು ಗುರುತು ಹಾಕುತ್ತದೆ. ಗೇಜಿಗೆ ಬೇಕಾದದ್ದು ಆ ಗುರುತು. ನಡುವೆ ಮನೆಯ ಕರೆಂಟ್ ಹೋದರೆ ಚಿಂತೆಯಿಲ್ಲ, ಬಂದ ಮೇಲೆ ಮುಂದುವರಿಸಿ. ಕೊನೆಯ ಭಾಗ ಮಾತ್ರ ತುಂಡಾಗದಂತೆ ನೋಡಿಕೊಳ್ಳಿ. ಕಿತ್ತು ಒಂದು ತಾಸು ಬಿಟ್ಟು ಆನ್ ಮಾಡಿ, ಎಂದಿನಂತೆ ಬಳಸಿ ಮತ್ತೆ ಕೆಳಗಿಳಿಸಿ. ಒಂದು ಸುತ್ತಿನಲ್ಲಿ ಕೆಲವು ಗೇಜ್ ಕಲಿಯುತ್ತವೆ, ಕೆಲವಕ್ಕೆ ಎರಡು ಬೇಕು. ಅದಕ್ಕಿಂತ ಹೆಚ್ಚು ಮಾಡಿದರೆ ಬ್ಯಾಟರಿ ಸವೆಯುತ್ತದೆ ಅಷ್ಟೇ.

ಏಪ್ರಿಲ್–ಮೇ ಮಧ್ಯಾಹ್ನ ನಮ್ಮ ಕಡೆ 37–38 ಡಿಗ್ರಿ ಇರುತ್ತದೆ. ಚಾರ್ಜಿಂಗ್ ರಾತ್ರಿ ಮಾಡಿ, ಕವರ್ ತೆಗೆದು ಗಟ್ಟಿ ನೆಲದ ಮೇಲಿಡಿ. ಸೆಲ್ 45 ಡಿಗ್ರಿ ಮುಟ್ಟಿದರೆ ಫೋನ್ ಚಾರ್ಜ್ ತಗ್ಗಿಸುತ್ತದೆ ಇಲ್ಲವೇ ನಿಲ್ಲಿಸುತ್ತದೆ, ಸುತ್ತು ವ್ಯರ್ಥ.

---

ಹಾವೇರಿ_ಸೋಲ್ಡರ್

ಮ್ಯಾಲಿನದೆಲ್ಲಾ ಬರೋಬ್ಬರಿ ಐತಿ. ಎರಡು ಮಾತು ಸೇರಸತೇನಿ.

ಸ್ಯಾಮ್ಸಂಗ್ ಹಳೇ ಮಾಡೆಲ್ ಇದ್ದವ್ರು *#0228# ಒತ್ತಿದ್ರ ಬ್ಯಾಟರಿ ಸ್ಟೇಟಸ್ ಬರತೈತಿ, ಅದರಾಗ ಕ್ವಿಕ್ ಸ್ಟಾರ್ಟ್ ಅಂತ ಬಟನ್ ಇರತೈತಿ. ಅದನ್ನ ಒತ್ತಿದ್ರ ಕ್ಯಾಲಿಬ್ರೇಶನ್ ಆತು ಅಂತ ವಿಡಿಯೋಗೋಳಾಗ ತೋರಸ್ತಾರ. ಅದು ಹಂಗಲ್ಲ. ಆ ಕ್ಷಣದ ವೋಲ್ಟೇಜ್ ನೋಡಿ ಪರ್ಸೆಂಟ್ ಹೊಸದಾಗಿ ಅಂದಾಜು ಮಾಡತೈತಿ ಅಷ್ಟ. ಸ್ಕ್ರೀನ್ ಹತ್ತಿದಾಗ ವೋಲ್ಟೇಜ್ ಕುಸದಿರತೈತಿ, ಅದಕ್ಕ ಅಂದಾಜು ಕಡಿಮಿ ಬರತೈತಿ. ಒತ್ತಬ್ಯಾಡ್ರಿ.

ಐಫೋನಿನಾಗ ಗೇಜ್ ಬ್ಯಾಟರಿ ಸಂಗಾಟನ ಬರೂ ಸಣ್ಣ ಬೋರ್ಡಿನಾಗ ಇರತೈತಿ, ಆ ಲೆಕ್ಕ ಬ್ಯಾರೆ. ಐಫೋನ್ 11 ಸರಣಿಯೊಳಗ ಬ್ಯಾಟರಿ ಹೆಲ್ತ್ ತಪ್ಪು ತೋರಸಾಕತ್ತಾಗ ಆ್ಯಪಲ್ 2021ರಾಗ ಐಓಎಸ್ 14.5 ಜೊತಿ ತಾನ ಕ್ಯಾಲಿಬ್ರೇಶನ್ ಕೊಟ್ಟಿತ್ತು. ಅದು ದಿನಾ ಚಾರ್ಜ್ ಮಾಡಕೋತ ಹೋದಂಗ ಕೆಲವು ವಾರದಾಗ ಮುಗೀತಿತ್ತು.

---

ಬೆಟಗೇರಿ_27

ಎರಡು ಸುತ್ತು ಮುಗಿಸೇನಿ. ಈಗ 70ರಿಂದ ಹಾರೂದು ಪೂರಾ ನಿಂತೈತಿ, ಒಂದೊಂದಾಗಿ ಏರತೈತಿ. ಇಳೀವಾಗ 2 ಪರ್ಸೆಂಟಿನ ತನಕ ಬಂದು ಬಂದ್ ಆತು. 100ರಾಗ ಚಾರ್ಜ್ ಕೌಂಟರ್ 3392000. ಮಾಳಮಡ್ಡಿ ಸರ್ ಹೇಳಿದ ಅಂಕಿಗೆ ಹತ್ತರನ ಬಂತು. ಆದ್ರ ಸಂಜಿ ಆರಕ್ಕ ಚಾರ್ಜ್ ಮುಗೀತೈತಿ. ಇದನ್ನ ತೋರಸಿದ್ರ ಅಂಗಡಿಯವ್ರು "ಅದು ಸಾಫ್ಟ್‌ವೇರ್ ಅಂಕಿ, ನಂಬಬ್ಯಾಡ್ರಿ" ಅಂತಾರ. ಬ್ಯಾರೆ ಪುರಾವೆ ಹೆಂಗ ಕೊಡೂದು?

---

ಮಾಳಮಡ್ಡಿ_ಮೀಟರ್

ಚಾರ್ಜರ್ ಮತ್ತು ಕೇಬಲ್ ನಡುವೆ ಸಿಕ್ಕಿಸುವ ಯುಎಸ್‌ಬಿ ಮೀಟರ್ ತನ್ನಿ ಅಥವಾ ಯಾರಲ್ಲಾದರೂ ಕಡ ಕೇಳಿ. ಫೋನ್ ತಾನಾಗಿ ಬಂದ್ ಆದ ಮೇಲೆ ಆಫ್ ಇಟ್ಟೇ ಪೂರ್ತಿ ಚಾರ್ಜ್ ಮಾಡಿ. ಓದಬೇಕಾದದ್ದು ವ್ಯಾಟ್ ಅವರ್ (ಒಟ್ಟು ಶಕ್ತಿಯ ಅಳತೆ), ಎಂಎಎಚ್ ಅಲ್ಲ. ಎಂಎಎಚ್ ಓದಿದರೆ ಮೋಸಹೋಗುತ್ತೀರಿ: ಮೀಟರ್ ಅಳೆಯುವುದು 5 ವೋಲ್ಟಿನ ಅಥವಾ 9 ವೋಲ್ಟಿನ ಎಂಎಎಚ್, ಬ್ಯಾಟರಿ ಮೇಲೆ ಬರೆದದ್ದು 3.85 ವೋಲ್ಟಿನ ಸುತ್ತಲಿನದು.

ಖರೆ 5000 ಎಂಎಎಚ್ ಎಂದರೆ 3.85ರಿಂದ ಗುಣಿಸಿ 19.25 ವ್ಯಾಟ್ ಅವರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದು ಸುಮಾರು 15 ಪರ್ಸೆಂಟ್ ಎಂದು ಹಿಡಿದರೆ ಮೀಟರಿನಲ್ಲಿ 22ರ ಮೇಲೆ ಬರಬೇಕು. ನಿಮ್ಮದು 15ರ ಹತ್ತಿರ ಬರುತ್ತದೆ ನೋಡಿ. ಈ ಅಂಕಿಗೂ ಫೋನಿನ ಸಾಫ್ಟ್‌ವೇರಿಗೂ ಸಂಬಂಧವಿಲ್ಲ.

---

ಹಾವೇರಿ_ಸೋಲ್ಡರ್

ಇನ್ನೊಂದು ಸರಳ ಪುರಾವೆ ತೂಕ. 5000 ಎಂಎಎಚ್ ಸೆಲ್ 65ರಿಂದ 75 ಗ್ರಾಂ ತೂಗತೈತಿ, 3400ದ್ದು 50ರ ಸುತ್ತ. ಲೇಬಲ್ ಹೆಂಗರ ಛಾಪಸಬಹುದು, ಲಿಥಿಯಂ ಸೆಲ್ಲಿನ ತೂಕ ಸುಳ್ಳು ಹೇಳೂದಿಲ್ಲ. ಮುಂದಿನ ಸಲ ಬ್ಯಾಟರಿ ಬದಲಿಸೂವಾಗ, ಅಂಟಿಸೂಕಿಂತ ಮೊದಲ, ಹಳೇದು ಹೊಸದು ಎರಡೂ ಪಕ್ಕದ ಸರಾಫ ಅಂಗಡಿ ತಕ್ಕಡಿಯೊಳಗ ಇಡಿಸ್ರಿ. ಐದಾರು ಗ್ರಾಂ ಹೆಚ್ಚುಕಡಿಮಿ ನಡೀತೈತಿ. ಇಪ್ಪತ್ತು ಗ್ರಾಂ ಕಡಿಮಿ ಬಂದ್ರ ಹಾಕಸಬ್ಯಾಡ್ರಿ.

ಈಗ ಒಳಗ ಇದ್ದದ್ದನ್ನ ನೀವ ಕಿತ್ತು ತೂಗಾಕ ಹೋಗಬ್ಯಾಡ್ರಿ. ಅಂಟಿನಿಂದ ಎಬ್ಬಸೂವಾಗ ಸೆಲ್ ಬಾಗಿ ಒಳಪದರ ಒಂದಕ್ಕೊಂದು ತಾಗಿದ್ರ ಬೆಂಕಿ ಹತ್ತತೈತಿ. ಬಿಲ್ಲು, ಮೀಟರಿನ ಫೋಟೋ, ಡಂಪ್‌ಸಿಸ್ ಅಂಕಿಯ ಸ್ಕ್ರೀನ್‌ಶಾಟ್ ಮೂರೂ ತಗೊಂಡು ಅಂಗಡಿಗೆ ಹೋಗ್ರಿ. ಅವರ ಎದುರಿಗೇ ಬಿಚ್ಚಿಸಿ ತೂಗಸ್ರಿ. ಬದಲಿ ಬ್ಯಾಟರಿ ಕೊಟ್ರ ಮತ್ತ ಒಂದು ಸುತ್ತು ಮಾಡ್ರಿ, ಇಲ್ಲಾಂದ್ರ ಗೇಜ್ 3392 ಅಂತನ ನಂಬಿ, ಈ ಸಲ ಒಳಗ ಚಾರ್ಜ್ ಇದ್ರೂ ಖಾಲಿ ಖಾಲಿ ಅಂತ ತೋರಸತೈತಿ.