ಏಪ್ರಿಲ್ 14: ಅಗ್ನಿಶಾಮಕ ಸೇವಾ ದಿನಕ್ಕೆ ಮುಂಬೈ ಬಂದರಿನ ಆ ಮಧ್ಯಾಹ್ನವೇ ಏಕೆ?

ಪ್ರಶ್ನೆ: ಶಿಬಿರದ ಟೀಚರ್, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಪ್ರತಿ ಏಪ್ರಿಲ್‌ನಲ್ಲೂ ಮಕ್ಕಳಿಗಾಗಿ ಬೇಸಿಗೆ ಶಿಬಿರ ನಡೆಸುತ್ತೇವೆ. ಕಳೆದ ವರ್ಷ ಅಗ್ನಿಶಾಮಕ ಠಾಣೆಯವರು ಬಂದು, ಗ್ಯಾಸ್ ಸಿಲಿಂಡರಿಗೆ ಹತ್ತಿಕೊಂಡ ಬೆಂಕಿಯನ್ನು ಒದ್ದೆ ಗೋಣಿಚೀಲ ಹೊದಿಸಿ ಆರಿಸುವುದನ್ನು ತೋರಿಸಿ, ಹೊರಡುವಾಗ ಮಕ್ಕಳ ಅಂಗಿಗೆ ಒಂದೊಂದು ಪುಟ್ಟ ಧ್ವಜ ಚುಚ್ಚಿ ಹೋದರು. ಏಪ್ರಿಲ್ 14ರಿಂದ 20ರವರೆಗೆ ಅವರ ಸಪ್ತಾಹವೆಂದು ಕರಪತ್ರದಲ್ಲಿತ್ತು. ಅಂಬೇಡ್ಕರ್ ಜಯಂತಿಯ ದಿನವೇ ಇದು ಏಕೆ ಆರಂಭವಾಗುತ್ತದೆ ಎಂದು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಎರಡೂ ಒಂದೇ ತಾರೀಖಿಗೆ ಬಿದ್ದಿರುವುದು ಆಕಸ್ಮಿಕವೆಂದೂ, 1944ರ ಆ ದಿನ ಮುಂಬೈ ಬಂದರಿನಲ್ಲಿ ಹಡಗೊಂದು ಸ್ಫೋಟಗೊಂಡು 66 ಮಂದಿ ಅಗ್ನಿಶಾಮಕರು ಮಡಿದರೆಂದೂ ಓದಿದ್ದನ್ನು ಹೇಳಿದೆ. ಕೂಡಲೇ ಅವಳು, ‘ಹಾಗಾದರೆ ಅವರಿಗೆ ಬೆಂಕಿ ಆರಿಸಲು ಆಗಲಿಲ್ಲವೇ? ಸೋತ ದಿನವನ್ನು ಯಾರಾದರೂ ಆಚರಿಸುತ್ತಾರೆಯೇ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಈ ವರ್ಷ ಅವಳು ಮತ್ತೆ ಬರುತ್ತಾಳೆ. ಆ ದಿನ ನಡೆದದ್ದೇನು, ನೀರು ಸುರಿದರೂ ಬೆಂಕಿ ಏಕೆ ಆರಲಿಲ್ಲ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಮಾಟುಂಗಾ ನಿವಾಸಿ, ಮುಂಬೈ

ಮೇಡಂ, ಮುಂಬೈ ಅಗ್ನಿಶಾಮಕ ದಳದ ಚರಿತ್ರೆಯನ್ನು ಚುಟುಕಾಗಿ ಹೇಳಿ ಆಮೇಲೆ ಹಡಗಿಗೆ ಬರುತ್ತೇನೆ. 1803ರ ಫೆಬ್ರವರಿಯಲ್ಲಿ ಮುಂಬೈ ಕೋಟೆಯೊಳಗಿನ ಪೇಟೆಯ ದೊಡ್ಡ ಭಾಗ ಸುಟ್ಟುಹೋಗಿತ್ತು. ಆದರೂ ಕುದುರೆ ಎಳೆಯುವ ಇಂಜಿನ್ನುಗಳ ಒಂದು ವ್ಯವಸ್ಥಿತ ದಳ ರೂಪುಗೊಂಡದ್ದು 1855ರಲ್ಲಿ, ಅದೂ ಪೊಲೀಸರ ಕೈಕೆಳಗೆ. 1888ರ ಮುನಿಸಿಪಲ್ ಕಾಯ್ದೆಯು ಬೆಂಕಿ ಆರಿಸುವುದನ್ನು ನಗರಪಾಲಿಕೆಯ ಕಡ್ಡಾಯ ಕರ್ತವ್ಯಗಳಲ್ಲಿ ಸೇರಿಸಿತು. ಇಲ್ಲಿನ ಹಳಬರು ಫೈರ್ ಇಂಜಿನ್ನಿಗೆ ‘ಬಂಬ’ ಎನ್ನುತ್ತಾರೆ, ಠಾಣೆಗೆ ‘ಬಂಬಖಾನಾ’. ಪೋರ್ಚುಗೀಸರು ಪಂಪಿಗೆ ಹೇಳುವ ‘ಬೊಂಬಾ’ದಿಂದ ಬಂದ ಮಾತಿದು. ನಿಮ್ಮ ಕಡೆ ಬಚ್ಚಲಿನಲ್ಲಿ ನೀರು ಕಾಯಿಸುವ ತಾಮ್ರದ ಬಂಬಕ್ಕೂ ಇದೇ ಹೆಸರಿರುವುದನ್ನು ಶಿಬಿರದ ಮಕ್ಕಳಿಗೆ ಹೇಳಿ ನೋಡಿ.

ಹಡಗಿನ ಹೆಸರು ‘ಫೋರ್ಟ್ ಸ್ಟಿಕೀನ್’. ಯುದ್ಧಕಾಲದ ಆ ಸರಕು ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಸುಮಾರು 1,400 ಟನ್ ಸ್ಫೋಟಕ ಮತ್ತು ಮದ್ದುಗುಂಡುಗಳನ್ನೂ 124 ಚಿನ್ನದ ಗಟ್ಟಿಗಳನ್ನೂ ಹೊತ್ತು ಹೊರಟಿತು. ಕರಾಚಿಯಲ್ಲಿ ಕೆಲವು ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ ಸುಮಾರು 8,700 ಬೇಲು ಹತ್ತಿಯನ್ನೂ, ಜೊತೆಗೆ ಎಣ್ಣೆ, ಗಂಧಕ, ಮರಮುಟ್ಟುಗಳನ್ನೂ ತುಂಬಿಕೊಂಡು ಏಪ್ರಿಲ್ 12ರಂದು ವಿಕ್ಟೋರಿಯಾ ಡಾಕ್‌ಗೆ ಬಂದು ನಿಂತಿತು. ಅಪಾಯಕಾರಿ ಸರಕಿರುವ ಹಡಗು ಏರಿಸಬೇಕಾದ ಕೆಂಪು ಬಾವುಟವನ್ನು ಅದು ಏರಿಸಿರಲಿಲ್ಲ. 14ರ ಮಧ್ಯಾಹ್ನ ಸುಮಾರು ಎರಡು ಗಂಟೆಗೆ ಎರಡನೆಯ ಉಗ್ರಾಣದಿಂದ ಹೊಗೆ ಏಳುತ್ತಿರುವುದನ್ನು ಕಂಡು ದಳವನ್ನು ಕರೆಸಿದರು.

ಅಲ್ಲಿಂದ ಮುಂದಿನ ಎರಡು ಗಂಟೆಗಳ ಕಾಲ ಹಡಗಿನ ಮೇಲೆ ನಡೆದದ್ದು ಚರ್ಚೆ. ಹಗ್ಗ ಬಿಚ್ಚಿ ಹಡಗನ್ನು ಸಮುದ್ರಕ್ಕೆ ಎಳೆದೊಯ್ಯಬೇಕೇ, ನಿಂತಲ್ಲೇ ಮುಳುಗಿಸಿಬಿಡಬೇಕೇ, ಅಥವಾ ನೀರು ಸುರಿಯುತ್ತಲೇ ಇರಬೇಕೇ ಎಂಬುದನ್ನು ತೀರ್ಮಾನಿಸಿ ಆಜ್ಞೆ ಮಾಡಬಲ್ಲ ಒಬ್ಬನೇ ಒಬ್ಬ ಮುಖ್ಯಸ್ಥ ಅಲ್ಲಿರಲಿಲ್ಲ. ಹಡಗಿನವರು, ಬಂದರಿನವರು, ಸೈನ್ಯದವರು ತಮ್ಮ ತಮ್ಮ ಮಾತು ಹೇಳುತ್ತಿದ್ದಾಗ ಕೈಯಲ್ಲಿ ಕೆಲಸವಿದ್ದದ್ದು ದಳದವರಿಗೆ ಮಾತ್ರ. 4 ಗಂಟೆ 6 ನಿಮಿಷಕ್ಕೆ ಹಡಗು ಸಿಡಿಯಿತು, ಅರ್ಧ ಗಂಟೆಯ ಆಸುಪಾಸಿನಲ್ಲಿ ಮತ್ತೊಮ್ಮೆ ಸಿಡಿಯಿತು. ದೂರದ ಶಿಮ್ಲಾದ ಭೂಕಂಪಮಾಪಕವೂ ಅದನ್ನು ದಾಖಲಿಸಿತು. ಸತ್ತವರ ಸಂಖ್ಯೆಯನ್ನು 800ರಿಂದ 1,300ರವರೆಗೆ ಬೇರೆ ಬೇರೆಯಾಗಿ ಹೇಳುತ್ತಾರೆ. ಸುಮಾರು 80,000 ಜನ ಮನೆ ಕಳೆದುಕೊಂಡರು. ನಮ್ಮ ತಂದೆ ಆಗ ಕುಂದಾಪುರದ ಕಡೆಯಿಂದ ಬಂದು ಕೋಟೆ ಪ್ರದೇಶದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಹುಡುಗ. ನಾಲ್ಕು ಗಂಟೆಯ ಚಹಾಕ್ಕೆಂದು ಜೋಡಿಸಿಟ್ಟಿದ್ದ ಗಾಜಿನ ಲೋಟಗಳೆಲ್ಲ ಒಮ್ಮೆಗೇ ಕಟ್ಟೆಯಿಂದ ಉರುಳಿದವೆಂದೂ, ಜಪಾನಿನವರು ಬಾಂಬು ಹಾಕಿದರೆಂದು ಕೂಗಿಕೊಂಡು ಜನ ಬೀದಿಗೆ ಓಡಿದರೆಂದೂ ಅವರು ಹೇಳುತ್ತಿದ್ದರು. ಯುದ್ಧದ ಸೆನ್ಸಾರ್‌ನಿಂದಾಗಿ ನಿಜಸುದ್ದಿ ಪತ್ರಿಕೆಗಳಲ್ಲಿ ತಡವಾಗಿಯೇ ಬಂದಿತು. ಚಿನ್ನದ ಗಟ್ಟಿಯೊಂದು ಒಂದು ಮೈಲಿಯಷ್ಟು ದೂರ ಹಾರಿ ಪಾರ್ಸಿ ಗೃಹಸ್ಥರೊಬ್ಬರ ಮನೆಯ ಮಾಡು ತೂರಿ ಬಿದ್ದ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ಎರಡು ಗಂಟೆಗಳ ಕಥೆಯೇ ದೊಡ್ಡದೆನಿಸುತ್ತದೆ.

ಉತ್ತರ 2: ನಿವೃತ್ತ ಪ್ರಮುಖ ಅಗ್ನಿಶಾಮಕ, ರಾಯಚೂರು

ಮಾಟುಂಗಾದ ಹಿರಿಯರು ಹೇಳಿದ್ದೆಲ್ಲ ಸರಿ. ನೀರು ಸುರಿದರೂ ಆರಲಿಲ್ಲವೇಕೆ ಎಂಬ ಮಾತಿಗೆ ಮಾತ್ರ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಸೇವೆಯ ಬಹುಪಾಲು ಹತ್ತಿಯ ಬೆಂಕಿಯೊಂದಿಗೇ ಕಳೆದಿದೆ.

ಅಂದು 900 ಟನ್ನಿಗೂ ಹೆಚ್ಚು ನೀರನ್ನು ಹಡಗಿನೊಳಕ್ಕೆ ಬಿಟ್ಟರು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಮಾತ್ರ ಯಾರಿಗೂ ಕಾಣಲಿಲ್ಲ, ಬಿಟ್ಟ ನೀರೇ ಕುದಿಯತೊಡಗಿತು. ಒತ್ತಿ ಕಟ್ಟಿದ ಹತ್ತಿ ಬೇಲಿನ ಗುಣವೇ ಅಂಥದ್ದು. ಅದು ಹುಲ್ಲಿನ ಬಣವೆಯಂತೆ ಭಗ್ಗೆಂದು ಉರಿಯುವುದಿಲ್ಲ, ಒಳಗೊಳಗೇ ಕನಲುತ್ತದೆ. ಮೇಲಿನಿಂದ ಎಷ್ಟು ನೀರು ಹೊಡೆದರೂ ಹೊರಗಿನ ಪದರ ತೊಯ್ದು ಜಾರಿಹೋಗುತ್ತದೆಯೇ ಹೊರತು ನಡುವಿನ ಕೆಂಡಕ್ಕೆ ಮುಟ್ಟುವುದಿಲ್ಲ. ಹಡಗಿನಲ್ಲಿ ಕೆಳಗೆ ಹತ್ತಿ ಇತ್ತು, ಅದೇ ಉಗ್ರಾಣದ ಮೇಲಂತಸ್ತಿನಲ್ಲಿ ಸ್ಫೋಟಕವಿತ್ತು. ನೀರು ತುಂಬಿದಂತೆಲ್ಲ ಹತ್ತಿ ತೇಲಿ ಮೇಲಕ್ಕೇರುತ್ತದೆ. ಅಂದರೆ ಬೆಂಕಿಯನ್ನು ಆರಿಸಲೆಂದು ಸುರಿದ ನೀರೇ ಅದನ್ನು ಮದ್ದಿನ ಹತ್ತಿರಕ್ಕೆ ಎತ್ತಿಕೊಟ್ಟಿತು. ನಾನು ಹೊಸಬನಾಗಿ ಸೇರಿದಾಗ ಪಾಠ ಹೇಳಿದ ಅಧಿಕಾರಿಗಳು ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ್ದರು.

ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಜೊತೆ ಒಂದು ಚೂರು ಕಲ್ಲೋ ಮೊಳೆಯೋ ಯಂತ್ರಕ್ಕೆ ಹೋದರೆ ಸಾಕು, ಕಿಡಿ ಹಾರುತ್ತದೆ. ಒಮ್ಮೆ ಒಂದು ಮಿಲ್ಲಿನ ಬೆಂಕಿ ಆರಿತೆಂದು ಹೋಸ್ ಸುತ್ತಿಕೊಂಡು ಠಾಣೆಗೆ ಮರಳಿದ್ದೆವು. ಬೆಳಗಿನ ಜಾವ ಅದೇ ಗೋದಾಮಿನಿಂದ ಮತ್ತೆ ಕರೆ ಬಂತು. ಎರಡನೆಯ ಸಲ ಹೋದಾಗ ಒಂದೊಂದೇ ಬೇಲನ್ನು ಕೊಕ್ಕೆಯಿಂದ ಬಯಲಿಗೆ ಎಳೆದು, ಪಟ್ಟಿ ಕತ್ತರಿಸಿ, ಹಾಸಿಗೆಯ ಹತ್ತಿಯಂತೆ ಕೈಯಿಂದ ಬಿಡಿಸಿ, ಬಿಡಿಸಿದ ಪದರಕ್ಕೆ ಸಣ್ಣ ಧಾರೆಯಲ್ಲಿ ನೀರು ಹಾಕಿದೆವು. ಮೂರು ದಿನ ಹಿಡಿಯಿತು. ಹೊರಗೆ ಐಸಿನಂತೆ ತಣ್ಣಗಿದ್ದ ಬೇಲಿನೊಳಗೆ ಮೊಣಕೈವರೆಗೆ ಕೈ ಹಾಕಿದಾಗ ತಟ್ಟಿದ ಬಿಸಿ ನನಗೆ ಇಂದಿಗೂ ನೆನಪಿದೆ.

ಮುಂಬೈಯವರಿಗೆ ಬೇಲುಗಳನ್ನು ಎಳೆದು ಹಾಕಲು ಬಯಲೂ ಇರಲಿಲ್ಲ, ಸಮಯವೂ ಇರಲಿಲ್ಲ. ಆದ್ದರಿಂದ ಆ ಮಗುವಿಗೆ ‘ಸೋತರು’ ಎನ್ನಬೇಡಿ ತಾಯಿ. ಆರಿಸಲಾಗದ ಬೆಂಕಿಯ ಮೇಲೆ ಅವರನ್ನು ನಿಲ್ಲಿಸಲಾಗಿತ್ತು, ಅವರು ಇಳಿದು ಹೋಗಲಿಲ್ಲ ಎಂದು ಹೇಳಿ.

ಉತ್ತರ 3: ಇತಿಹಾಸದ ವಿದ್ಯಾರ್ಥಿ, ಮೈಸೂರು

ಹಿರಿಯರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಇಡೀ ದೇಶ ಮುಂಬೈಯ ಆ ದಿನವನ್ನು ನೆನೆಯುವುದು ಸರಿಯೇ, ಆದರೆ ನಮ್ಮ ಊರುಗಳ ಬೆಂಕಿಗಳು ನಮ್ಮ ಕರಪತ್ರಗಳಲ್ಲಿ ಕಾಣುವುದೇ ಇಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರ ಹೊತ್ತಿಗೆ ಮುಗಿದ ಈಗಿನ ಅರಮನೆಯ ಕಲ್ಯಾಣಮಂಟಪದಲ್ಲಿ ಎರಕದ ಕಬ್ಬಿಣದ ಕಂಬಗಳು ನಿಂತಿರುವುದನ್ನು ನಾವು ಅಲಂಕಾರವೆಂದಷ್ಟೇ ನೋಡುತ್ತೇವೆ, ಅವು ಬೆಂಕಿಗೆ ಹೆದರಿದ ಮನೆಯವರ ಕಂಬಗಳು ಎಂಬುದನ್ನು ಮರೆಯುತ್ತೇವೆ. 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1989ರ ಫೆಬ್ರವರಿ 8ರಂದು ನಮ್ಮ ಪ್ರೀಮಿಯರ್ ಸ್ಟುಡಿಯೋದಲ್ಲಿ 62 ಜನ ತೀರಿಕೊಂಡರು. 1964ರ ಅಗ್ನಿಶಾಮಕ ಕಾಯ್ದೆಯಿಂದ ನಮ್ಮ ರಾಜ್ಯಕ್ಕೆ ತನ್ನದೇ ಆದ ದಳ ಬಂದು ಇಷ್ಟು ವರ್ಷಗಳಾದ ಮೇಲೂ ಇವು ಬರಿಯ ಸುದ್ದಿಗಳಾಗಿ ಉಳಿದಿವೆ. ಸ್ಟುಡಿಯೋದ ಬೆಂಕಿಗೆ ಹೋಗಿದ್ದವರ ನೆನಪುಗಳನ್ನಾದರೂ ಯಾರಾದರೂ ಈಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಮತ್ತೆ ಶಿಬಿರದ ಟೀಚರ್, ಧಾರವಾಡ

ಮೂವರಿಗೂ ಕೃತಜ್ಞತೆಗಳು. ಹತ್ತಿಯ ಬೇಲಿನ ವಿವರವನ್ನು ನಿನ್ನೆ ಆ ಹುಡುಗಿಯ ಮನೆಗೇ ಹೋಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾವುಟ ಏರಿಸಬೇಕಾಗಿದ್ದವರು ಯಾರು ಎಂದು ಕೇಳಿದಳು. ಈ ವರ್ಷ ಠಾಣೆಯವರನ್ನು ಶಿಬಿರಕ್ಕೆ ಕರೆಸುವ ಬದಲು ನಾವೇ ಏಪ್ರಿಲ್ 15ರ ಬೆಳಿಗ್ಗೆ ಠಾಣೆಗೆ ಹೋಗುವುದೆಂದು ನಿರ್ಧರಿಸಿದ್ದೇವೆ. ಠಾಣಾಧಿಕಾರಿಗಳು ಒಪ್ಪಿದ್ದಾರೆ, ಒಂದು ಷರತ್ತು ಮಾತ್ರ ಹಾಕಿದ್ದಾರೆ: ನಡುವೆ ಕರೆಗಂಟೆ ಬಾರಿಸಿದರೆ ಮಕ್ಕಳೆಲ್ಲ ತಕ್ಷಣ ಗೋಡೆಗೆ ಒತ್ತಿ ನಿಂತು ಗಾಡಿಗೆ ದಾರಿ ಬಿಡಬೇಕು.