ಗೌರವಧನ, ವೇತನ, ಸಂಬಳ, ಪಗಾರ: ಯುರೋಪಿನ ಸಂಸದರಿಗೆ ಯಾವ ಪದ?

ಬಳಗದ ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ರಾಜ್ಯಶಾಸ್ತ್ರ ಓದುವ ಬಿ.ಎ. ಮಕ್ಕಳಿಗಾಗಿ ಯುರೋಪಿಯನ್ ಪಾರ್ಲಿಮೆಂಟಿನ (ಯುರೋಪಿಯನ್ ಒಕ್ಕೂಟದ ದೇಶಗಳ ಜನ ಸದಸ್ಯರನ್ನು ಆರಿಸಿ ಕಳಿಸುವ ಸಭೆ) ಬಗ್ಗೆ ಟಿಪ್ಪಣಿ ಸಿದ್ಧಮಾಡುತ್ತಿದ್ದೇನೆ. ಚುನಾವಣೆ, ಪಕ್ಷಗಳ ಗುಂಪು, 24 ಅಧಿಕೃತ ಭಾಷೆಗಳು, ಇವೆಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಸದಸ್ಯರಿಗೆ ದುಡ್ಡು ಕೊಡುವ ನಿಯಮಗಳಿಗೆ ಬಂದಾಗ ಪೆನ್ನು ನಿಂತಿತು. ಈಗ ಬಳಕೆಯಲ್ಲಿರುವ ಒಂದು ಹಳೆಯ ಟಿಪ್ಪಣಿಯಲ್ಲಿ ಅದಕ್ಕೆ 'ಗೌರವಧನ' ಎಂದು ಬರೆದಿದೆ. ಅದನ್ನು ಹೊಡೆದುಹಾಕಿದ್ದೇನೆ. ಯಾಕೆಂದು ಮೊದಲು ಹೇಳುತ್ತೇನೆ.

ನಾನು ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಮನೆ ರಿಪೇರಿಗೆ ಸಾಲ ಕೇಳಲು ಹುಬ್ಬಳ್ಳಿಯ ಒಂದು ಬ್ಯಾಂಕಿಗೆ ಹೋದಾಗ ಕಾಲೇಜಿನವರು ಕೊಟ್ಟ ಪ್ರಮಾಣಪತ್ರ ಮುಂದಿಟ್ಟೆ. ಅಲ್ಲಿದ್ದವರು ಅದನ್ನು ಎರಡು ಸಲ ಓದಿ, 'ಗೌರವಧನ' ಎಂಬ ಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, "ಅಕ್ಕಾರ, ಇದು ಪಗಾರ ಚೀಟಿ ಅಲ್ಲರೀ. ಇದರ ಮ್ಯಾಲೆ ಸಾಲ ಬರಂಗಿಲ್ಲ" ಅಂದರು. ತಿಂಗಳಿಡೀ ಪಾಠ ಮಾಡಿ ಪಡೆದ ಹಣವೇ ಅದು. ಆದರೆ ಆ ಪದ ಹೇಳುವುದೇ ಬೇರೆ: ಕೊಡುವವರು ಮನಸ್ಸು ಮಾಡಿ ಕೊಟ್ಟದ್ದು, ಕೇಳಿ ಪಡೆಯುವ ಹಕ್ಕು ನಿನಗಿಲ್ಲ. ಅಂಗನವಾಡಿಯ ತಾಯಂದಿರಿಗೂ ಇದೇ ಪದ ಹಚ್ಚಿದ್ದಾರೆ. ಅವರಿಗೆ ಅದು ಎಷ್ಟು ಭಾರ ಎನ್ನುವುದು ನಿಮಗೆಲ್ಲ ಗೊತ್ತೇ ಇದೆ.

ಯುರೋಪಿನ ನಿಯಮ ಇದಕ್ಕೆ ತದ್ವಿರುದ್ಧ. ಪಾರ್ಲಿಮೆಂಟು 2005ರ ಸೆಪ್ಟೆಂಬರ್ 28ರಂದು ಅಂಗೀಕರಿಸಿ, 2009ರ ಜುಲೈ 14ರಿಂದ ಜಾರಿಗೆ ತಂದ ನಿಯಮದ 9ನೆಯ ವಿಧಿ, ಸದಸ್ಯರು ಸ್ವತಂತ್ರರಾಗಿ ಉಳಿಯುವಂತೆ ತಕ್ಕ ಸಂಬಳ ಪಡೆಯುವುದು ಅವರ ಹಕ್ಕು ಎನ್ನುತ್ತದೆ. 10ನೆಯ ವಿಧಿ ಅದರ ಅಳತೆ ಹೇಳುತ್ತದೆ: ಯುರೋಪಿನ ನ್ಯಾಯಾಲಯದ ನ್ಯಾಯಾಧೀಶರ ಮೂಲ ಸಂಬಳದ ಶೇ. 38.5. ಹಕ್ಕು ಎಂದು ಬರೆದಲ್ಲಿ ಗೌರವಧನ ಎಂದು ಬರೆದರೆ ಅರ್ಥವೇ ತಲೆಕೆಳಗಾಗುತ್ತದೆ.

ಈ ಪಾಠ ಮಾಡುವಾಗ ಗದಗ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಅವರಿಗೆ ಪಗಾರ ಯಾರು ಕೊಡತಾರ್ರಿ? ಅವರವರ ದೇಶದಾವ್ರೋ, ಆ ಸಭಾದಾವ್ರೋ?" ಎಂದು ಕೇಳಿದಳು. ಇಡೀ ವಿಷಯದ ಗಂಟು ಇರುವುದೇ ಅಲ್ಲಿ. 2009ರವರೆಗೆ ಅವರವರ ದೇಶವೇ ಕೊಡುತ್ತಿತ್ತು, ಅಲ್ಲಿನ ಸಂಸದನಿಗೆ ಎಷ್ಟೋ ಅಷ್ಟು. ಹಾಗಾಗಿ ಒಂದೇ ಸಭೆಯಲ್ಲಿ ಅಕ್ಕಪಕ್ಕ ಕೂತು ಒಂದೇ ಕೆಲಸ ಮಾಡಿದರೂ ಇಟಲಿಯವರು ಎಲ್ಲರಿಗಿಂತ ಹೆಚ್ಚು ಎಣಿಸಿಕೊಳ್ಳುತ್ತಿದ್ದರು, 2004ರಲ್ಲಿ ಸೇರಿದ ಹಂಗೇರಿಯಂಥ ದೇಶದವರಿಗೆ ಅದರ ಸಣ್ಣ ಪಾಲು ಸಿಗುತ್ತಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವಲ್ಲ, ಆಗ ಅವರು ಉಣ್ಣುತ್ತಿದ್ದದ್ದು ತಮ್ಮ ತಮ್ಮ ದೇಶದ ಮನೆಯಲ್ಲಿ. ಈಗ ಒಕ್ಕೂಟದ ಬಜೆಟ್ಟಿನಿಂದ ಎಲ್ಲರಿಗೂ ಒಂದೇ ಮೊತ್ತ. (ಮೊದಲಿನಿಂದ ಇದ್ದವರು ಬೇಕಿದ್ದರೆ ಹಳೆಯ ಪದ್ಧತಿಯಲ್ಲೇ ಮುಂದುವರಿಯಬಹುದಿತ್ತು.)

ಉಳಿದದ್ದು ವೇತನ, ಸಂಬಳ, ಪಗಾರ. 'ವೇತನ' ಎಂದಕೂಡಲೇ ವೇತನ ಆಯೋಗ, ವೇತನ ಶ್ರೇಣಿ, ಕನಿಷ್ಠ ವೇತನ ಕಣ್ಣಮುಂದೆ ಬರುತ್ತವೆ; ಮೇಲೊಬ್ಬ ಧಣಿ ಇದ್ದಾನೆ ಅನ್ನಿಸುತ್ತದೆ. ನಮ್ಮ ವಿಧಾನಮಂಡಲದ 1956ರ ಕಾಯ್ದೆಯ ಹೆಸರಿನಲ್ಲಿ ಸಂಬಳ, ನಿವೃತ್ತಿ ವೇತನ, ಭತ್ಯೆ ಎಂದು ಮೂರೂ ಬೇರೆ ಬೇರೆ ನಿಂತಿವೆ. ಶಾಸಕರಿಗೆ 'ಸಂಬಳ' ರೂಢಿಯಾಗಿರುವಾಗ ಅದನ್ನೇ ಯುರೋಪಿನವರಿಗೂ ಬಳಸುವುದು ಸರಿ ಎಂದು ನನ್ನ ಮತ.

ಸಂಬಳದ ಮೂಲ ಸಂಸ್ಕೃತದ 'ಶಂಬಲ', ಅಂದರೆ ದಾರಿಬುತ್ತಿ. ವರ್ಷಕ್ಕೆ 12 ಸಲ ಸ್ಟ್ರಾಸ್‌ಬರ್ಗಿಗೆ, ಸಮಿತಿ ಕೆಲಸಕ್ಕೆ ಬ್ರಸೆಲ್ಸಿಗೆ, ನಡುವೆ ತಮ್ಮೂರಿಗೆ ಓಡಾಡುವವರಿಗೆ ಎಷ್ಟು ಒಪ್ಪುತ್ತದೆ ಎಂದು ಖುಷಿಯಾಯಿತು. ಆದರೆ ಮೂಲಾರ್ಥ ನೋಡಿ ಪದ ಆರಿಸುವುದು ತಪ್ಪು ದಾರಿ. ಅಲ್ಲಿ ಪ್ರಯಾಣದ ಖರ್ಚು ಬೇರೆ, ಅದನ್ನು ಆದಷ್ಟೇ ಲೆಕ್ಕಹಾಕಿ ಕೊಡುತ್ತಾರೆ. ಅದು ಸಂಬಳದಲ್ಲಿ ಸೇರಿಲ್ಲ. ಇನ್ನು ನಮ್ಮ ಬಾಯಲ್ಲಿರುವ 'ಪಗಾರ' ಪೋರ್ಚುಗೀಸರಿಂದ ಮರಾಠಿಯ ದಾರಿಯಲ್ಲಿ ಬಂದದ್ದು. ಆ ಸಭೆಯ ಪೋರ್ಚುಗಲ್ ಸದಸ್ಯರು ಹಣ ಕೊಡುವುದಕ್ಕೆ ಇವತ್ತಿಗೂ 'ಪಗಾರ್' ಎಂದೇ ಅನ್ನುತ್ತಾರೆ. ಟಿಪ್ಪಣಿಯಲ್ಲಿ ಬರೆಯಲು ಧೈರ್ಯ ಸಾಲದು, ತರಗತಿಯಲ್ಲಂತೂ ಅದನ್ನೇ ಆಡುತ್ತೇನೆ.

ನನಗೆ ನಿಜವಾಗಿ ನೆರವು ಬೇಕಾದದ್ದು ಮುಂದಿನ ಪದಗಳಿಗೆ.

ಸದಸ್ಯರ ಹಕ್ಕು, ಸಂಬಳ, ಪಿಂಚಣಿಯನ್ನೆಲ್ಲ ಹೇಳುವ ಆ ಇಡೀ ಕಟ್ಟನ್ನು ಏನೆಂದು ಕರೆಯುವುದು? 'ಸದಸ್ಯತ್ವ ನಿಯಮಾವಳಿ' ಅಂದರೆ ಸಹಕಾರಿ ಸಂಘಕ್ಕೆ ಸೇರುವ ಅರ್ಜಿಯಂತೆ ಕೇಳುತ್ತದೆ. 'ಶಾಸನ' ಅಂದರೆ ನಮ್ಮ ಮಕ್ಕಳಿಗೆ ಲಕ್ಕುಂಡಿಯ ಕಲ್ಲು ನೆನಪಾಗುತ್ತದೆ. 'ಸದಸ್ಯರ ಕಟ್ಟಳೆ' ಎಂದು ಸದ್ಯಕ್ಕೆ ಬರೆದಿದ್ದೇನೆ. ಇನ್ನು ಆ ಸಭೆಯನ್ನು 'ಬಹುರಾಷ್ಟ್ರೀಯ' ಎನ್ನೋಣವೆಂದರೆ ಆ ಪದ ಕಂಪನಿಗಳ ಪಾಲಾಗಿಬಿಟ್ಟಿದೆ, ಆದ್ದರಿಂದ 'ಹಲವು ದೇಶಗಳ ಶಾಸನಸಭೆ' ಎಂದು ಬಿಡಿಸಿ ಬರೆದೆ.

ಸಂಬಳದ ಜೊತೆ ಸದಸ್ಯರಿಗೆ ಸಿಗುವ ಉಳಿದ ಸೌಲಭ್ಯಗಳಿಗೆ 'ಸೇವಾ ಷರತ್ತು' ಎಂಬ ಪದ ಬೇಡವೇ ಬೇಡ ಅನ್ನಿಸಿದೆ. ಅದೇ ಕಟ್ಟಳೆಯ ಆರಂಭದಲ್ಲೇ ಸದಸ್ಯರು ಸ್ವತಂತ್ರರು, ಯಾರ ಅಪ್ಪಣೆಗೂ ಒಳಪಟ್ಟು ಮತ ಹಾಕಬೇಕಿಲ್ಲ ಎಂದಿದೆ. ಅವಧಿ ಮುಗಿಯುವ ಮುನ್ನ ರಾಜೀನಾಮೆ ಕೊಡುತ್ತೇನೆ ಎಂದು ಮೊದಲೇ ಒಪ್ಪಂದ ಮಾಡಿಕೊಂಡಿದ್ದರೂ ಅದು ಅಸಿಂಧು. ಇಂಥವರಿಗೆ ಸೇವೆ ಯಾರದು, ಷರತ್ತು ಯಾರದು? ವೈದ್ಯಕೀಯ ವೆಚ್ಚದ ಮೂರರಲ್ಲಿ ಎರಡು ಪಾಲು ಮರುಪಾವತಿ, 63ಕ್ಕೆ ಪಿಂಚಣಿ, ಸಹಾಯಕರು, ಕಚೇರಿ ಇವೆಲ್ಲಕ್ಕೆ 'ಕೆಲಸದ ಏರ್ಪಾಡು' ಸಾಕೇ? ತೀರಾ ಸಡಿಲವಾಯಿತೇ?

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ಸದಸ್ಯತ್ವ ಮುಗಿದ ಮೇಲೆ ಬೇರೆ ಕೆಲಸ ಸಿಗುವತನಕ ಕೈ ಹಿಡಿಯಲಿ ಎಂದು, ಸಲ್ಲಿಸಿದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳಿನಂತೆ ಸಂಬಳದಷ್ಟೇ ಹಣ ಕೊಡುತ್ತಾರೆ. ಕನಿಷ್ಠ 6 ತಿಂಗಳು, ಗರಿಷ್ಠ 24. 'ಪರಿವರ್ತನಾ ಭತ್ಯೆ' ಎಂದರೆ ಏನು ಪರಿವರ್ತನೆಯಾಯಿತು ಎಂದು ಕೇಳುತ್ತಾರೆ. 'ಸಂಕ್ರಮಣ ಭತ್ಯೆ' ಎಂದರೆ ನಮ್ಮಲ್ಲಿ ಮೊದಲು ಹಬ್ಬವೇ ನೆನಪಾಗುವುದು. 'ನಡುಗಾಲದ ಭತ್ಯೆ' ಎಂದು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೇನೆ. ಹಾವೇರಿ, ಗದಗ ಕಡೆ ಸುಗ್ಗಿ ಮುಗಿದು ಮುಂದಿನ ಕೆಲಸ ಸಿಗುವವರೆಗೆ ಆಳಿಗೆ ಕೊಡುವ ಕಾಳುಕಡಿಗೆ ಏನಾದರೂ ಹೆಸರಿದ್ದರೆ, ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ.