ಸಹಾಯ ಬೇಕು: ಹಳ್ಳಿಯ ಪುಟ್ಟ ಕಾಲೇಜಿನಲ್ಲೊಬ್ಬಳು ಸೂಪರ್‌ಹೀರೋ

ಎಲ್ಲರಿಗೂ ನಮಸ್ಕಾರ. ಮುನ್ನೂರು ವಿದ್ಯಾರ್ಥಿಗಳಿರುವ ಹಳ್ಳಿ ಕಾಲೇಜೊಂದರಲ್ಲಿ ನಡೆಯುವ ಸೂಪರ್‌ಹೀರೋ ಕಾದಂಬರಿ ಬರೆಯುತ್ತಿದ್ದೇನೆ. ಎರಡನೇ ಅಧ್ಯಾಯದಲ್ಲೇ ಕಥೆ ನಿಂತುಬಿಟ್ಟಿದೆ.

1938ರಲ್ಲಿ ಮೊದಲ ಸಲ ಅಚ್ಚಾದ ಸೂಪರ್‌ಮ್ಯಾನ್ ಹಳ್ಳಿಯ ಹೊಲದಲ್ಲಿ ಬೆಳೆದವನಾದರೂ ಕೆಲಸಕ್ಕೆ ಮಹಾನಗರಕ್ಕೇ ಹೋದ. 1962ರ ಸ್ಪೈಡರ್‌ಮ್ಯಾನ್‌ಗಂತೂ ಬಲೆ ಎಸೆದು ಜೋತಾಡಲು ನ್ಯೂಯಾರ್ಕಿನ ಎತ್ತರದ ಕಟ್ಟಡಗಳೇ ಬೇಕು. ಜನಜಂಗುಳಿಯಲ್ಲಿ ಗುರುತು ಮರೆಸಿಕೊಳ್ಳುವುದೂ ಸುಲಭ. ನನ್ನ ನಾಯಕಿಗೆ ಅದೊಂದೂ ಇಲ್ಲ. ಒಂದೇ ಬಸ್ಸು, ಒಂದೇ ಲ್ಯಾಬು, ಎರಡಂತಸ್ತಿನ ಕಟ್ಟಡ. ಒಂದು ಪೀರಿಯಡ್ ತಪ್ಪಿಸಿದರೆ ಅಟೆಂಡರ್‌ಗೂ ಗೊತ್ತಾಗುತ್ತದೆ. ಮುಖವಾಡ ಹಾಕಿದರೂ ನಡಿಗೆ ನೋಡಿಯೇ ಗುರುತು ಹಿಡಿಯುತ್ತಾರೆ. ಕಥೆಯ ಜೀವ ಇರುವುದೇ ಇಲ್ಲಿ ಅಂತ ನನ್ನ ನಂಬಿಕೆ. ಹಾಗಾಗಿ ಕಥೆಯನ್ನು ಪಟ್ಟಣಕ್ಕೆ ಒಯ್ಯುವ ಸಲಹೆ ದಯವಿಟ್ಟು ಬೇಡ.

ಇಡೀ ಕಾಲೇಜಿಗೆ ಗುಟ್ಟು ಗೊತ್ತಿದ್ದೂ ಯಾರೂ ಬಾಯಿಬಿಡುವುದಿಲ್ಲ ಅಂದರೆ ನೀವು ನಂಬುತ್ತೀರಾ? ಖಳನಾಯಕ ಹೊರಗಿನಿಂದ ಬರಬೇಕೇ, ದಿನಾ ಎದುರಾಗುವ ಮುಖವೇ ಆಗಬೇಕೇ? ಇಂಥ ಕಾಲೇಜಿನಲ್ಲಿ ಓದಿದವರು, ಪಾಠ ಮಾಡಿದವರು ಇದನ್ನೂ ಹೇಳಿ: ಕತ್ತಲಾದ ಮೇಲೆ ಆ ಕಟ್ಟಡದಲ್ಲಿ ಯಾರಿರುತ್ತಾರೆ? ಲ್ಯಾಬಿನ ಕೀಲಿ ಯಾರ ಹತ್ತಿರ ಇರುತ್ತದೆ? ಮೊದಲ ಅಧ್ಯಾಯ ಓದಿ ನೋಡುವವರಿದ್ದರೆ ಇವತ್ತೇ ಕಳಿಸುತ್ತೇನೆ.